ರೈಲಿನ ವೇಳಾಪಟ್ಟಿಯಿಂದ ಇಂಗ್ಲಿಷ್

ಇಂಗ್ಲಿಷ್ ಕಲಿಕೆಯ ಬಗ್ಗೆ ಕರ್ನಾಟಕದಲ್ಲಿ ನಡೆಯುವ ಜಗಳವೆಲ್ಲ ಎರಡೇ ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತದೆ: ಎಷ್ಟನೇ ತರಗತಿಯಿಂದ, ಯಾವ ಮಾಧ್ಯಮದಲ್ಲಿ? ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಾಗಲೂ ಅದೇ, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಾಗಲೂ ಅದೇ. ಗಂಟೆ ಹೊಡೆದ ಮೇಲೆ, ಆ ಒಂದು ಪೀರಿಯಡ್ಡಿನಲ್ಲಿ ಮೇಷ್ಟ್ರು ಏನು ಮಾಡಬೇಕು, ಮಕ್ಕಳು ಏನು ಮಾಡಬೇಕು ಎಂಬುದರ ಬಗ್ಗೆ ಯಾರೂ ಬೀದಿಗಿಳಿದದ್ದಿಲ್ಲ, ಕೋರ್ಟು ಹತ್ತಿದ್ದೂ ಇಲ್ಲ. ಅದೊಂದನ್ನೇ ಗಂಭೀರವಾಗಿ ಕೇಳಿದ ಒಂದು ಪ್ರಯೋಗಕ್ಕೆ ನಮ್ಮ ಊರಿನ ಹೆಸರೇ ಇದೆ. ಭಾಷಾ ಬೋಧನೆಯ ಬಗ್ಗೆ ಬರೆಯುವ ವಿದೇಶಿ ವಿದ್ವಾಂಸರು ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ.

1979ರಿಂದ 1984ರವರೆಗೆ ನಡೆದ ಈ ಪ್ರಯೋಗದ ರೂವಾರಿ ಎನ್.ಎಸ್. ಪ್ರಭು. ಆಗ ಅವರು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. 1963ರಲ್ಲಿ ಹುಟ್ಟಿದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದರ ನೆಲೆ. ಬೆಂಗಳೂರು, ಮದ್ರಾಸು, ಕಡಲೂರುಗಳ ಸಾಮಾನ್ಯ ಶಾಲೆಗಳ ಕಿಕ್ಕಿರಿದ ತರಗತಿಗಳಲ್ಲೇ ಪಾಠ ನಡೆಯಿತು. ಅದರ ಕಥನ ಮತ್ತು ವಾದ ಎರಡೂ 1987ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ಪ್ರಭು ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ತೆಳ್ಳನೆಯ ಪುಸ್ತಕದಲ್ಲಿವೆ.

ಅವರು ಎದುರು ಹಾಕಿಕೊಂಡದ್ದು ಸಣ್ಣ ಎದುರಾಳಿಯನ್ನಲ್ಲ. ಐವತ್ತರ ದಶಕದಿಂದ ದಕ್ಷಿಣ ಭಾರತದ ಶಾಲೆಗಳನ್ನು ಆಳುತ್ತಿದ್ದುದು ಸ್ಟ್ರಕ್ಚರಲ್ ಪದ್ಧತಿ. ವಾಕ್ಯರಚನೆಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿಟ್ಟು, ಒಂದೊಂದನ್ನೇ ಇಡೀ ತರಗತಿಯಿಂದ ಒಕ್ಕೊರಲಿನಲ್ಲಿ ಹೇಳಿಸುವುದು ಅದರ ಕ್ರಮ. ‘ದಿಸ್ ಈಸ್ ಎ ಪೆನ್’ ಎಂದು ಪೆನ್ನು ಎತ್ತಿ ಹಿಡಿದ ಮೇಷ್ಟ್ರನ್ನು ನೆನಪಿಸಿಕೊಳ್ಳದ ಕನ್ನಡ ಮಾಧ್ಯಮದ ವಿದ್ಯಾರ್ಥಿ ಸಿಗುವುದು ಕಷ್ಟ. ಮಕ್ಕಳ ಬಾಯಿಗೆ ವಾಕ್ಯ ಬಂತು, ಆದರೆ ತರಗತಿಯ ಬಾಗಿಲು ದಾಟಿದೊಡನೆ ಹೋಯಿತು. ಪ್ರಭು ಹೇಳಿದ್ದು ಇಷ್ಟೇ: ಮಗುವಿನ ಗಮನ ಅರ್ಥದ ಮೇಲೆ ನೆಟ್ಟಿರುವಾಗಲೇ ವ್ಯಾಕರಣ ಒಳಗೆ ಇಳಿಯುತ್ತದೆ. ಹಾಗಾಗಿ ವಾಕ್ಯಗಳ ಪಟ್ಟಿಯನ್ನೇ ಕೈಬಿಡಿ, ಮಕ್ಕಳಿಗೆ ಬಿಡಿಸಲು ಸಮಸ್ಯೆಗಳನ್ನು ಕೊಡಿ.

ಇಂಥ ಪಾಠವೊಂದನ್ನು ಹೀಗೆ ಊಹಿಸಿಕೊಳ್ಳಬಹುದು. ಕರಿಹಲಗೆಯ ಮೇಲೆ ಬೆಂಗಳೂರಿನಿಂದ ಮದ್ರಾಸಿಗೆ ಹೋಗುವ ಕೆಲವು ರೈಲುಗಳ ವೇಳಾಪಟ್ಟಿ. ಯಾವುದು ಬೇಗ ಮುಟ್ಟುತ್ತದೆ, ಸಂಜೆ ಐದಕ್ಕೆ ಮದ್ರಾಸಿನಲ್ಲಿ ಕೆಲಸವಿರುವವನು ಯಾವುದನ್ನು ಹಿಡಿಯಬೇಕು, ಅದು ತಪ್ಪಿದರೆ ಮುಂದೇನು? ಮೇಷ್ಟ್ರು ಇಡೀ ತರಗತಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತ ಒಂದು ಸಮಸ್ಯೆ ಬಿಡಿಸುತ್ತಾರೆ. ಅಂಥದ್ದೇ ಇನ್ನೊಂದನ್ನು ಆಮೇಲೆ ಪ್ರತಿ ಮಗುವೂ ತಾನೇ ಬಿಡಿಸಬೇಕು. ಅಂಕ ಸಿಗುವುದು ಉತ್ತರ ಸರಿಯಿದ್ದರೆ, ವಾಕ್ಯ ಚೆನ್ನಾಗಿದ್ದರೆ ಅಲ್ಲ. ತರಗತಿಯ ಅರ್ಧದಷ್ಟು ಮಕ್ಕಳು ಅರ್ಧದಷ್ಟಾದರೂ ಸರಿ ಮಾಡಿದರೆ ಸಮಸ್ಯೆ ಹದವಾಗಿತ್ತು ಎಂದು ಲೆಕ್ಕ. ಈ ಅಳತೆಗೋಲು ನನಗೆ ಬಹಳ ಇಷ್ಟ. ನಲವತ್ತು ಮಕ್ಕಳಿರುವ ಕೋಣೆಯಲ್ಲಿ ನಿಜವಾಗಿ ಪಾಠ ಮಾಡಿದವರಿಗೆ ಮಾತ್ರ ಹೊಳೆಯುವ ಅಳತೆ ಅದು.

ಗುಂಪು ಚಟುವಟಿಕೆ ಇಲ್ಲಿ ಇರಲಿಲ್ಲ ಎಂಬುದು ಈಗಿನ ತರಬೇತಿ ಶಿಬಿರಗಳಲ್ಲಿ ಕೂತು ಬಂದವರಿಗೆ ಅಚ್ಚರಿ ತರಬಹುದು. ಅರೆಬರೆ ಇಂಗ್ಲಿಷಿನ ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ತಪ್ಪುಗಳೇ ಗಟ್ಟಿಯಾಗುತ್ತವೆ, ಅವರಿಗೆ ಒಳ್ಳೆಯ ಭಾಷೆ ಸಿಗುವುದು ಶಿಕ್ಷಕರ ಬಾಯಿಂದಲೇ ಎಂಬುದು ಪ್ರಭು ಅವರ ನಿಲುವು. ಹೊರದೇಶದ ಫ್ಯಾಶನ್ನಿಗೆ ಮಣಿಯದ ಈ ಹಟ ಪ್ರಯೋಗದ ದೊಡ್ಡ ಗುಣ. ಅದರ ದೊಡ್ಡ ತೊಡಕು ಕೂಡ ಇಲ್ಲೇ ಇದೆ.

ಒಳ್ಳೆಯ ಭಾಷೆ ಶಿಕ್ಷಕರ ಬಾಯಿಂದಲೇ ಬರಬೇಕಾದರೆ ಆ ಬಾಯಲ್ಲಿ ಅದು ಇರಬೇಕಲ್ಲ? ಪ್ರಾಜೆಕ್ಟಿನ ಪಾಠಗಳನ್ನು ಬಹುಪಾಲು ಮಾಡಿದವರು ಇಂಗ್ಲಿಷ್ ಬೋಧನೆಯಲ್ಲಿ ಪಳಗಿದ ತಂಡದವರು, ಶಾಲೆಯ ದಿನನಿತ್ಯದ ಮೇಷ್ಟ್ರುಗಳಲ್ಲ. ಮಗು ಅನಿರೀಕ್ಷಿತ ಉತ್ತರ ಕೊಟ್ಟಾಗ ಪ್ರಶ್ನೆಯನ್ನು ಅಲ್ಲೇ ಸರಳಗೊಳಿಸಿ, ಬೇರೆ ದಾರಿಯಿಂದ ಮತ್ತೆ ಕೇಳಲು ಸರಾಗವಾದ ಇಂಗ್ಲಿಷ್ ಬೇಕು. ಸ್ಟ್ರಕ್ಚರಲ್ ಪದ್ಧತಿಯ ಡ್ರಿಲ್ಲಿಗೆ ಅದು ಬೇಡ, ಕೈಪಿಡಿಯಲ್ಲಿದ್ದ ವಾಕ್ಯ ಓದಿ ಹೇಳಿಸಿದರೆ ಸಾಕು. ಆ ಪದ್ಧತಿ ಅಷ್ಟು ಕಾಲ ಬಾಳಿದ್ದಕ್ಕೆ ಕಾರಣ ಅದರ ತತ್ವವಲ್ಲ ಎಂಬ ಅನುಮಾನ ನನ್ನದು. ಅದು ಶಿಕ್ಷಕರ ದೌರ್ಬಲ್ಯವನ್ನು ಮರ್ಯಾದೆಯಿಂದ ಮುಚ್ಚಿಡುತ್ತಿತ್ತು. ಪ್ರಯೋಗವನ್ನು ಮೌಲ್ಯಮಾಪನ ಮಾಡಿದವರಲ್ಲಿ ಒಬ್ಬರಾದ ಅಲನ್ ಬೆರೆಟ್ಟಾ ಆಮೇಲೆ ಶಿಕ್ಷಕರ ಅನುಭವಗಳನ್ನೇ ಅಧ್ಯಯನ ಮಾಡಿದರು. ಶಾಲೆಗಳ ಖಾಯಂ ಶಿಕ್ಷಕರಲ್ಲಿ ಹೆಚ್ಚಿನವರಿಗೆ ಈ ವಿಧಾನ ಕೈಗೆ ಹತ್ತಿರಲಿಲ್ಲ.

ಮಕ್ಕಳ ಕಲಿಕೆಯ ಅಳತೆ ಇಷ್ಟು ಸ್ಪಷ್ಟವಾಗಿಲ್ಲ. ಬೆರೆಟ್ಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಸ್ಟ್ರಕ್ಚರಲ್ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು, ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿ ಪ್ರಾಜೆಕ್ಟಿನ ಮಕ್ಕಳು. ಅವರವರು ಕಲಿತದ್ದು ಅವರವರಿಗೆ ಬಂತು. ಎರಡು ಕಡೆಗೂ ವಾಲದ ಪರೀಕ್ಷೆಗಳಲ್ಲಿ ಪ್ರಾಜೆಕ್ಟಿನ ಮಕ್ಕಳೇ ಒಂದು ಕೈ ಮೇಲಿದ್ದರು ಎಂಬುದು ಗಮನಿಸಬೇಕಾದ ಸಂಗತಿ. ಆದರೆ ಶಿಕ್ಷಕರೇ ಬೇರೆಬೇರೆ ಆಗಿದ್ದಾಗ, ಗೆದ್ದದ್ದು ವಿಧಾನವೋ ಶಿಕ್ಷಕರೋ ಎಂದು ಬಿಡಿಸಿ ಹೇಳುವುದು ಹೇಗೆ?

ಇನ್ನೊಂದು ಆಕ್ಷೇಪವನ್ನು ತಜ್ಞನಾಗಿ ಅನ್ನುವುದಕ್ಕಿಂತ ಓದುಗನಾಗಿ ಎತ್ತುತ್ತಿದ್ದೇನೆ. ವೇಳಾಪಟ್ಟಿ, ನಕ್ಷೆ, ನಿಯಮ, ಲೆಕ್ಕಾಚಾರ: ಈ ಸಮಸ್ಯೆಗಳ ಲೋಕ ತೀರಾ ಒಣಕಲು. ಕಥೆಯಿಲ್ಲ, ಜಗಳವಿಲ್ಲ, ನಗುವಿಲ್ಲ. ತರ್ಕಕ್ಕೆ ಒಂದೇ ಸರಿಯುತ್ತರ ಇರುತ್ತದೆ, ಆದ್ದರಿಂದ ಅಳುಕುವ ಮಗುವಿಗೂ ಧೈರ್ಯ ಬರುತ್ತದೆ ಎಂದು ಪ್ರಭು ಅಭಿಪ್ರಾಯ ಕೇಳುವ ಚಟುವಟಿಕೆಗಿಂತ ತರ್ಕದ ಚಟುವಟಿಕೆಯನ್ನೇ ಮೆಚ್ಚಿದರು. ಮಾತು ಒಪ್ಪುವಂಥದ್ದೇ. ಆದರೂ ‘ಹತ್ತೂವರೆ’ ಎಂಬ ಒಂದೇ ಪದದಲ್ಲಿ ಮುಗಿಯುವ ಉತ್ತರಗಳು ಮಗುವನ್ನು ಉದ್ದನೆಯ ವಾಕ್ಯದವರೆಗೆ ಎಳೆದೊಯ್ಯುವುದಿಲ್ಲ. ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಗೆದ್ದ ಈ ವಿಧಾನ, ಆಡುವುದು ಮತ್ತು ಬರೆಯುವುದರ ವಿಷಯದಲ್ಲಿ ನಂಬಿಕೆಯ ಮೇಲೆ ನಿಂತಿತ್ತು.

ಇಷ್ಟೆಲ್ಲ ಕುಂದುಗಳಿದ್ದೂ ಬೆಂಗಳೂರು ಪ್ರಾಜೆಕ್ಟ್ ನಮ್ಮ ಭಾಷಾ ಶಿಕ್ಷಣದ ಚರಿತ್ರೆಯಲ್ಲಿ ನಡೆದ ಅತ್ಯಂತ ಪ್ರಾಮಾಣಿಕ ಪ್ರಯೋಗಗಳಲ್ಲೊಂದು ಎಂದೇ ನನ್ನ ತೀರ್ಮಾನ. ದೇಶಭಾಷೆಯ ಮಾಧ್ಯಮದಲ್ಲಿ ಓದುವ ಮಗು, ದಿನಕ್ಕೊಂದು ಪೀರಿಯಡ್ಡಿನಲ್ಲಿ, ತಲೆಗೆ ಕೆಲಸ ಕೊಡುವ ಇಂಗ್ಲಿಷನ್ನು ಕಲಿಯಬಲ್ಲದು ಎಂಬುದನ್ನು ಅದು ತೋರಿಸಿತು. ಇಂಗ್ಲಿಷ್ ಬೇಕಾದರೆ ಗಣಿತ, ವಿಜ್ಞಾನಗಳನ್ನೂ ಇಂಗ್ಲಿಷಿನಲ್ಲೇ ಕಲಿಯಬೇಕು ಎನ್ನುವವರು ಇದಕ್ಕೆ ಉತ್ತರ ಕೊಡಬೇಕು. ಇಂಗ್ಲಿಷಿನ ಸೋಂಕೇ ಬೇಡ ಎನ್ನುವವರೂ ಕೊಡಬೇಕು. 1990ರ ಲೇಖನವೊಂದರಲ್ಲಿ ಪ್ರಭು, ಎಲ್ಲರಿಗೂ ಒಗ್ಗುವ ಅತ್ಯುತ್ತಮ ವಿಧಾನವೆಂಬುದೇ ಇಲ್ಲ, ತಾನು ಮಾಡುತ್ತಿರುವುದರಿಂದ ಕಲಿಕೆ ಆಗುತ್ತಿದೆ ಎಂಬ ಶಿಕ್ಷಕರ ಒಳಗಿನ ನಂಬಿಕೆ ಜೀವಂತವಾಗಿರುವುದೇ ಮುಖ್ಯ ಎಂದು ವಾದಿಸಿದರು. ತನ್ನದೇ ವಿಧಾನವನ್ನು ಸರ್ವರೋಗಕ್ಕೂ ಮದ್ದು ಎಂದು ಮಾರದ ಸಂಶೋಧಕರು ಅಪರೂಪ.

2007ರಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ತರಗತಿಯನ್ನು ಹಿಂದಕ್ಕೆ ತಂದದ್ದಾಯಿತು, ಮಾಧ್ಯಮವನ್ನೂ ಬದಲಿಸಿ ನೋಡಿದ್ದಾಯಿತು. ಆ ಶಾಲೆಗಳ ಶಿಕ್ಷಕಿಗೆ ಮಕ್ಕಳೊಂದಿಗೆ ಸರಾಗವಾಗಿ ಇಂಗ್ಲಿಷ್ ಮಾತಾಡುವಷ್ಟು ತರಬೇತಿ, ಅದೂ ವರ್ಷಕ್ಕೆ ಕೆಲವು ದಿನದ ಶಿಬಿರವಲ್ಲ, ತಿಂಗಳುಗಟ್ಟಲೆಯದ್ದು, ಮೊದಲು ಕೊಡಿ. ಮುಂದಿನ ಮಾಧ್ಯಮದ ಆದೇಶಕ್ಕೆ ಸಹಿ ಹಾಕುವ ಮುನ್ನ ಶಿಕ್ಷಣ ಸಚಿವರು ಆ ಹಣವನ್ನು ಬಜೆಟ್ಟಿನಲ್ಲಿ ತೋರಿಸಲಿ.