ಕಾಂಕ್ರೀಟ್ ತೊಲೆಯ ಮೈ ಓದುವ ಬಗೆ

ಬೆಂಗಳೂರಿನ ಮೆಟ್ರೊ ಮಾರ್ಗದ ಕೆಳಗೆ ಸಿಗ್ನಲ್‌ಗೆ ನಿಂತಾಗ ತಲೆಯೆತ್ತಿ ನೋಡಿ. ಮೇಲಿನ ಗರ್ಡರ್ ಹೆಚ್ಚಾಗಿ ಕಾಸ್ಟಿಂಗ್ ಯಾರ್ಡಿನಲ್ಲಿ ಉಕ್ಕಿನ ಅಚ್ಚಿಗೆ ಸುರಿದು, ಟ್ರೇಲರ್‌ನಲ್ಲಿ ತಂದು ಕೂರಿಸಿದ್ದು. ಸುರಿದ ದಿನ ನಡೆದದ್ದೆಲ್ಲ ಅದರ ಮೈಮೇಲೆ ಉಳಿದಿರುತ್ತದೆ. ಕಂಡ ಕಲೆಯೆಲ್ಲ ದೋಷವಲ್ಲ. ಅದರ ಆಕಾರವೇನು, ಇರುವುದೆಲ್ಲಿ ಎಂದು ಮೊದಲು ಕೇಳಿಕೊಳ್ಳಿ.

ಗುಳಿ: ದುಂಡನೆಯ ಸಣ್ಣ ಗುಳಿ ಗಾಳಿಯ ಗುರುತು. ವೈಬ್ರೇಟರ್ ಆಡಿಸಿದಾಗ ಗುಳ್ಳೆಗಳು ಮೇಲೇರುತ್ತವೆ. ಅಚ್ಚಿನ ಓರೆ ತಗಡು ಅಡ್ಡ ಬಂದರೆ ಅಲ್ಲೇ ಅಂಟಿಕೊಳ್ಳುತ್ತವೆ. ಹಾಗಾಗಿ ‘ಐ’ ಆಕಾರದ ಗರ್ಡರಿನಲ್ಲಿ, ತಳದ ದಪ್ಪ ಭಾಗದ ಇಳಿಜಾರು ಮೈಮೇಲೆ ಗುಳಿಗಳು ಗುಂಪುಗಟ್ಟಿರುತ್ತವೆ. ನೋಟಕ್ಕೆ ಕುಂದು; ಬಲಕ್ಕೆ ಸಾಮಾನ್ಯವಾಗಿ ಏನೂ ಆಗದು.

ಜಲ್ಲಿ: ಜಲ್ಲಿ ಹಲ್ಲು ಕಿರಿದಿದ್ದರೆ ಮಾತು ಬೇರೆ. ಸೈಟಿನಲ್ಲಿ ಹನಿಕೋಂಬ್ ಎನ್ನುವುದು ಇದನ್ನೇ. ಅಚ್ಚಿನ ಸಂದಿಯುದ್ದಕ್ಕೂ ಇದ್ದರೆ ಸಿಮೆಂಟ್ ಹಾಲು ಸೋರಿಹೋಗಿದೆ. ಕಂಬಿ ಕಿಕ್ಕಿರಿದ ಕಡೆ ಇದ್ದರೆ ಕಾಂಕ್ರೀಟ್ ಸರಿಯಾಗಿ ಇಳಿದಿಲ್ಲ. ಎರಡರಲ್ಲೂ ಕಂಬಿಗೆ ನೀರು ತಲುಪುವ ದಾರಿ ತೆರೆದಂತೆಯೇ.

ಬಣ್ಣ: ಕಂದು ಚುಕ್ಕೆ ಕಂಡೊಡನೆ ಗಾಬರಿ ಬೇಡ. ಅಚ್ಚಿನ ತಳದಲ್ಲಿ ಬಿದ್ದುಳಿದ ಬೈಂಡಿಂಗ್ ವೈರಿನ ತುಂಡೂ ಅಂಥ ಚುಕ್ಕೆ ಬಿಡುತ್ತದೆ. ಕಂಬಿಯ ಜಾಡಿನಲ್ಲೇ ಬಿರುಕು ಬಿಟ್ಟು, ಅದರಿಂದ ಕಂದು ಇಳಿದಿದ್ದರೆ ಒಳಗಿನ ತುಕ್ಕು ಉಬ್ಬಿದೆ ಎಂದು ಶಂಕಿಸಿ. ಬಿಳಿ ಪುಡಿ, ನೀರು ಒಳಗಿನ ಸುಣ್ಣವನ್ನು ಕರಗಿಸಿ ಹೊರತಂದದ್ದು. ಅದನ್ನು ಒರೆಸಿದರೆ ಸಾಲದು, ನೀರು ಬಂದ ದಾರಿ ಹುಡುಕಬೇಕು.

ಗೆರೆ: ಪಕ್ಕದಲ್ಲಿ ಅಲೆಯಂತೆ ಹೋದ ಗೆರೆ, ಒಂದು ಪದರ ಸುರಿದ ಮೇಲೆ ಇನ್ನೊಂದು ತಡವಾಗಿ ಬಂದದ್ದರ ಸಾಕ್ಷಿ. ಬಲೆಬಲೆಯಾದ ನವಿರು ಬಿರುಕು, ಮೇಲ್ಪದರ ಬೇಗ ಒಣಗಿದ್ದರ ಫಲ. ತಂತಿ ಬಿಗಿದು ಸುರಿದ ಪ್ರಿಸ್ಟ್ರೆಸ್ ತೊಲೆಯ ತುದಿಯಲ್ಲಿ ಉದ್ದುದ್ದ ಬಿರುಕಿದ್ದರೆ, ಬಿಗಿದ ತಂತಿಗಳನ್ನು ಬಿಟ್ಟಾಗ ಬಲ ಕಾಂಕ್ರೀಟಿಗೆ ಹರಡಿದ ಜಾಗವದು. ನಡುಭಾಗದಲ್ಲಿ ತಳದಿಂದ ಮೇಲಕ್ಕೆ ಹತ್ತಿದ ಬಿರುಕಾದರೆ ತಂತಿಯ ಬಿಗಿತವನ್ನು ಹೊರೆ ಮೀರಿರಬಹುದು. ಕೂಡಲೇ ಇಂಜಿನಿಯರಿಗೆ ತೋರಿಸಬೇಕು. ಮಾಮೂಲಿ ಆರ್‌ಸಿಸಿ ಕಾಮಗಾರಿಗೆ ಭಾರತೀಯ ಮಾನಕ ಐಎಸ್ 456 ಸಾಮಾನ್ಯವಾಗಿ ಒಪ್ಪುವ ಬಿರುಕಿನ ಅಗಲವೇ 0.3 ಮಿ.ಮೀ.

ಯಾರ್ಡಿನೊಳಗೆ ಬಿಟ್ಟರೆ ತೊಲೆಗೆ ನೀರು ಚಿಮುಕಿಸಿ ಕಾಯಿರಿ. ಸುತ್ತಲ ಮೈ ಒಣಗಿದರೂ ಬಿರುಕು ತೇವ ಹಿಡಿದು ಕಪ್ಪಗೆ ಎದ್ದು ಕಾಣುತ್ತದೆ. ಆಮೇಲೆ ಸಣ್ಣ ಸುತ್ತಿಗೆ ತೆಗೆದುಕೊಳ್ಳಿ. ಗಟ್ಟಿ ಕಾಂಕ್ರೀಟ್ ಟಣ್ ಎನ್ನುತ್ತದೆ, ಪದರ ಬಿಟ್ಟದ್ದು ಪೊಳ್ಳಾಗಿ ಸದ್ದು ಮಾಡುತ್ತದೆ. ಬಣ್ಣ ಬೇರೆಯಾಗಿ, ಅತಿ ನುಣ್ಣಗಿರುವ ಜಾಗ ಬಹುಶಃ ತೇಪೆ. ಮೊದಲ ಏಟು ಅಲ್ಲಿಗೇ ಹಾಕಿ.