150 ಮಿಲಿಆಂಪ್ ಏಕೆ ಬರಲಿಲ್ಲ? ಬೂಸ್ಟ್ ಎಲ್‌ಇಡಿ ಡ್ರೈವರಿನ ಐದು ಸಾಲಿಗೆ ವ್ಯಾಖ್ಯಾನ

ದೂರು ಇಷ್ಟು: ಸರಣಿಯಲ್ಲಿರುವ ಹತ್ತು ಎಲ್‌ಇಡಿಗಳಿಗೆ 150 ಮಿಲಿಆಂಪ್ ಹರಿಯಬೇಕು, ಮೀಟರ್ 120 ದಾಟುತ್ತಿಲ್ಲ. ಸ್ಕೋಪ್ ಹಿಡಿದರೆ ಸ್ವಿಚ್ ನೋಡ್‌ನಲ್ಲಿ ಏನೋ ಅಲೆ. ಉತ್ತರ ಈ ಐದು ಸಾಲಿನ ಲೆಕ್ಕದಲ್ಲಿದೆ. ಇದರಲ್ಲಿ ಡಯೋಡ್, ತಂತಿಗಳ ನಷ್ಟ ಹಿಡಿದಿಲ್ಲ.

1. ಇನ್‌ಪುಟ್ 12 ವೋಲ್ಟ್, ಔಟ್‌ಪುಟ್ 32 ವೋಲ್ಟ್, ಇಂಡಕ್ಟರ್ 10 ಮೈಕ್ರೋಹೆನ್ರಿ, 500 ಕಿಲೋಹರ್ಟ್ಸ್, ಸ್ವಿಚ್ ಮಿತಿ 1 ಆಂಪ್.

ಎಲ್‌ಇಡಿ ಒಂದಕ್ಕೆ 3.2 ವೋಲ್ಟ್‌ನಂತೆ ಹತ್ತಕ್ಕೆ 32. ಕೊನೆಯ ಅಂಕಿಯನ್ನು ನೆನಪಿಡಿ: ಕರೆಂಟ್ 1 ಆಂಪ್ ಮುಟ್ಟಿದೊಡನೆ ಐಸಿ ಆ ಸೈಕಲ್‌ಗೆ ಸ್ವಿಚ್ ಆಫ್ ಮಾಡುತ್ತದೆ.

2. ಸರಾಸರಿ ಇನ್‌ಪುಟ್ ಕರೆಂಟ್ = 32 × 0.15 ÷ 12 = 0.4 ಆಂಪ್.

ಬೂಸ್ಟ್‌ನಲ್ಲಿ ಇಂಡಕ್ಟರ್ ಇರುವುದು ಇನ್‌ಪುಟ್ ಕಡೆ. ಹಾಗಾಗಿ ಇಂಡಕ್ಟರಿನ ಸರಾಸರಿಯೂ ಇದೇ.

3. ಡ್ಯೂಟಿ = 1 − (12 ÷ 32) = 0.625; ಏರಿಳಿತ = 12 × 0.625 ÷ (10 ಮೈಕ್ರೋ × 500 ಕಿಲೋ) = 1.5 ಆಂಪ್.

ಏರಿಳಿತದ ಅರ್ಧ 0.75, ಸರಾಸರಿ ಬರೀ 0.4. ಅಂದರೆ ಪ್ರತಿ ಸೈಕಲ್‌ನಲ್ಲೂ ಕರೆಂಟ್ ಸೊನ್ನೆಗಿಂತ ಕೆಳಗಿಳಿಯಬೇಕು. ಡಯೋಡ್ ಅದಕ್ಕೆ ಬಿಡದು. ಕರೆಂಟ್ ಸೊನ್ನೆಯಲ್ಲೇ ನಿಂತುಬಿಡುತ್ತದೆ. ಇದೇ ಡಿಸ್‌ಕಂಟಿನ್ಯೂಯಸ್ ಮೋಡ್. ಸ್ಕೋಪ್‌ನಲ್ಲಿ ನೋಡ್ ಮೊದಲು 0, ಆಮೇಲೆ 32ರ ಆಸುಪಾಸು, ಆಮೇಲೆ 12 ವೋಲ್ಟ್ ಸುತ್ತ ಕುಗ್ಗುತ್ತ ಹೋಗುವ ಅಲೆ. ಮಾಸ್‌ಫೆಟ್, ಡಯೋಡ್‌ಗಳ ಕೆಪಾಸಿಟೆನ್ಸ್ ಇಂಡಕ್ಟರ್ ಜೊತೆ ಸೇರಿ ಎಬ್ಬಿಸುವ ಅಲೆ ಅದು. 100 ಪಿಕೋಫ್ಯಾರಡ್ ಇದ್ದರೆ ಸುಮಾರು 5 ಮೆಗಾಹರ್ಟ್ಸ್. ಈ ಮೋಡ್‌ನಲ್ಲಿ ಅದು ಸಹಜ. ಬೋರ್ಡಿನ ಲೇಔಟನ್ನು ದೂರಬೇಕಿಲ್ಲ.

4. ಎಲ್‌ಇಡಿ ಕರೆಂಟ್ = ½ × 10 ಮೈಕ್ರೋ × 1² × 500 ಕಿಲೋ ÷ (32 − 12) = 0.125 ಆಂಪ್.

ಸಮಸ್ಯೆ ಇರುವುದು ಈ ಸಾಲಿನಲ್ಲಿ. ಈ ಮೋಡ್‌ನಲ್ಲಿ ಎಲ್‌ಇಡಿಗೆ ಸಿಗುವುದು ಪೀಕ್ ಕರೆಂಟಿನ ವರ್ಗಕ್ಕೆ ತಕ್ಕಷ್ಟು. 150 ಮಿಲಿಆಂಪ್‌ಗೆ ಪೀಕ್ 1.1 ಆಂಪ್ ಬೇಕು. ಐಸಿ ಒಂದಕ್ಕೇ ಕಡಿದುಹಾಕುತ್ತದೆ. ಉಳಿಯುವುದು 125. ನಷ್ಟ ಕಳೆದರೆ ಮೀಟರ್ ತೋರಿಸಿದ 120 ಅರ್ಥವಾಗುತ್ತದೆ. ಎಲ್‌ಇಡಿ ಬದಲಿಸಿದರೂ ಸೆನ್ಸ್ ರೆಸಿಸ್ಟರ್ ಕಡಿಮೆ ಮಾಡಿದರೂ ಈ ಅಂಕಿ ಮೇಲೇಳದು.

5. ಇಂಡಕ್ಟರ್ 33 ಮೈಕ್ರೋಹೆನ್ರಿ: ಏರಿಳಿತ 0.45; ಪೀಕ್ = 0.4 + 0.23 = 0.63 ಆಂಪ್.

ಈಗ ಕರೆಂಟ್ ಸೊನ್ನೆ ಮುಟ್ಟುವುದಿಲ್ಲ, ಮಿತಿಯೂ ದೂರ. ಹೊಸ ಇಂಡಕ್ಟರಿನ ಸ್ಯಾಚುರೇಶನ್ ಕರೆಂಟ್ 1 ಆಂಪ್‌ಗಿಂತ ಮೇಲಿರಲಿ. ಕಂಟಿನ್ಯೂಯಸ್ ಮೋಡ್‌ನಲ್ಲಿ ಲೂಪಿನ ನಡವಳಿಕೆ ಬೇರೆ. ಕಂಪೆನ್ಸೇಶನ್ ಮತ್ತೊಮ್ಮೆ ನೋಡಿ. ಅನಲಾಗ್ ಡಿಮ್ಮಿಂಗ್‌ನಲ್ಲಿ ಸುಮಾರು 85 ಮಿಲಿಆಂಪ್‌ಗಿಂತ ಕೆಳಗೆ ಹಳೆಯ ಅಲೆ ಮತ್ತೆ ಕಾಣಿಸುತ್ತದೆ. ಅಲ್ಲಿ ಪೀಕ್ ಚಿಕ್ಕದಾದ್ದರಿಂದ ತೊಂದರೆಯಿಲ್ಲ.

ಡಿಸ್‌ಕಂಟಿನ್ಯೂಯಸ್ ಮೋಡ್ ತಾನೇ ಒಂದು ದೋಷವಲ್ಲ. ಅಲೆ ಕಂಡ ಕೂಡಲೇ ಸೋಲ್ಡರಿಂಗ್ ಐರನ್ ಹಿಡಿಯಬೇಡಿ. ಮೊದಲು ಪೀಕ್ ಕರೆಂಟ್ ಅಳೆದು ಐಸಿಯ ಮಿತಿಯೊಂದಿಗೆ ಹೋಲಿಸಿ.