ಮಂಡಿ ಉಳಿಸಲು ಹೋಗಿ ಸೊಂಟ

ಕಾಲಿನ ಕಸರತ್ತಿನ ದಿನ ಯಾವ ಜಿಮ್ಮಿಗಾದರೂ ಹೋಗಿ ನೋಡಿ, ಒಂದು ಉಪದೇಶ ಪುಕ್ಕಟೆ ಸಿಗುತ್ತದೆ: ‘ಮಂಡಿ ಕಾಲ್ಬೆರಳು ದಾಟಬಾರದು.’ ಹೇಳುವವರದು ಒಳ್ಳೆಯ ಮನಸ್ಸೇ. ಆದರೆ ಬಾರ್‌ಬೆಲ್ ಸ್ಕ್ವಾಟ್ ಮಾಡಿ ಸೊಂಟ ಹಿಡಿಸಿಕೊಳ್ಳಲು ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿರಲಾರದು.

ಅಮೆರಿಕದ ಆ್ಯಂಡ್ರ್ಯೂ ಫ್ರೈ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಉಪದೇಶವನ್ನು ಲೆಕ್ಕಕ್ಕೆ ಹಚ್ಚಿತು. ಕಸರತ್ತಿನ ರೂಢಿಯಿದ್ದ ಏಳು ಜನ ತಮ್ಮ ಮೈತೂಕದಷ್ಟೇ ಭಾರ ಹೊತ್ತು ಕೂತೆದ್ದರು. ಒಮ್ಮೆ ತಮ್ಮ ಪಾಡಿಗೆ, ಇನ್ನೊಮ್ಮೆ ಮಂಡಿ ಮುಂದೆ ಹೋಗದಂತೆ ಎದುರಿಗೊಂದು ಹಲಗೆ ನಿಲ್ಲಿಸಿಕೊಂಡು. ಹಲಗೆಯಿದ್ದಾಗ ಮಂಡಿಯ ಮೇಲಿನ ಟಾರ್ಕ್ 150 ನ್ಯೂಟನ್ ಮೀಟರಿನಿಂದ 117ಕ್ಕೆ ಇಳಿಯಿತು. ಸೊಂಟದ ಕೀಲಿನ ಮೇಲೆ ಮಾತ್ರ 28 ಇದ್ದದ್ದು 303ರ ಹತ್ತಿರಕ್ಕೆ ಹಾರಿತು. ಮಂಡಿಗೆ ಸಿಕ್ಕ ರಿಯಾಯಿತಿಯ ಬಿಲ್ಲು ಸೊಂಟದ ಹೆಸರಿಗೆ ಬಂದಿತ್ತು.

ಹೊತ್ತ ಭಾರ ಪಾದದ ನಡುಭಾಗದ ನೇರಕ್ಕೆ ಇರದಿದ್ದರೆ ಮನುಷ್ಯ ಮುಗ್ಗರಿಸುತ್ತಾನೆ. ಮಂಡಿಯನ್ನು ಮುಂದೆ ಬಿಡದಿದ್ದರೆ ಕುಂಡೆ ಹಿಂದೆ ಸರಿಯಬೇಕು, ಅದನ್ನು ಸರಿದೂಗಿಸಲು ಎದೆ ಮುಂದೆ ಬಾಗಬೇಕು. ಬಾಗಿದರೆ ತಪ್ಪೇನಿಲ್ಲ, ಬಾಗಿದ ಬೆನ್ನು ಗೂನಾದರೆ ತೊಂದರೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಸ್ಟುವರ್ಟ್ ಮೆಕ್‌ಗಿಲ್ ಬಳಗದವರು ಹಂದಿಯ ಬೆನ್ನೆಲುಬಿನ ತುಂಡುಗಳನ್ನು ಒತ್ತಡದಲ್ಲಿಟ್ಟು ಸಾವಿರಾರು ಸಲ ಬಗ್ಗಿಸಿ ನೋಡಿದ್ದಾರೆ. ಒತ್ತಡ ಸಾಧಾರಣವಾಗಿದ್ದರೂ ಬಗ್ಗಿ ಬಗ್ಗಿಯೇ ಡಿಸ್ಕ್ ಹಿಂಬದಿಗೆ ಉಬ್ಬಿತು. ಅಂದರೆ ಮೊದಲು ಅನುಮಾನಿಸಬೇಕಾದ್ದು ದೊಡ್ಡ ಭಾರವನ್ನಲ್ಲ, ವಾರವಾರವೂ ಅದೇ ಜಾಗದಲ್ಲಿ ಅದೇ ರೀತಿ ಗೂನಾಗುವ ಅಭ್ಯಾಸವನ್ನು.

ಬಲ್ಲವರು ಪ್ಲೇಟು ಎಣಿಸುವುದಕ್ಕೆ ಮೊದಲೇ ಬಾರ್ ಕೆಳಗೆ ನುಗ್ಗುವ ರೀತಿಯಲ್ಲಿ ಮನುಷ್ಯನನ್ನು ಅಳೆದುಬಿಡುತ್ತಾರೆ. ರ‍್ಯಾಕಿನ ಕೊಕ್ಕೆ ಎದೆಯ ನಡುಮಟ್ಟಕ್ಕಿರಬೇಕು. ತುದಿಗಾಲಲ್ಲಿ ನಿಂತು ಬಾರ್ ಎತ್ತುವವನು ಆಟ ಶುರುವಾಗುವ ಮೊದಲೇ ಸೋತಿದ್ದಾನೆ. ಬಾರ್ ಕೂರಬೇಕಾದ್ದು ಕುತ್ತಿಗೆಯ ಮೂಳೆಯ ಮೇಲಲ್ಲ, ಭುಜ ಹಿಂದೆಳೆದಾಗ ಉಬ್ಬುವ ಸ್ನಾಯುವಿನ ಮೇಲೆ. ನೋವಾಗುತ್ತದೆಂದು ಬಾರಿಗೆ ಸ್ಪಂಜು ಸುತ್ತುವವರಿದ್ದಾರೆ. ಅದು ಬಾರನ್ನು ಎತ್ತರಿಸಿ ಉರುಳಾಡಿಸುತ್ತದೆ, ಅಷ್ಟೇ. ಎತ್ತಿದ ಮೇಲೆ ಎರಡು ಮೂರು ಹೆಜ್ಜೆ ಹಿಂದೆ ಸರಿದರೆ ಸಾಕು.

ಆಮೇಲಿನದು ಉಸಿರು, ಹೆಚ್ಚಿನವರು ಹಾರಿಸಿಬಿಡುವ ಪಾಠ. ಎದೆ ಉಬ್ಬಿಸಿದರೆ ಪ್ರಯೋಜನವಿಲ್ಲ. ಗಾಳಿ ಹೊಟ್ಟೆಯ ಸುತ್ತ, ಪಕ್ಕೆಗೂ ಬೆನ್ನಿಗೂ ತುಂಬಬೇಕು. ಯಾರೋ ಹೊಟ್ಟೆಗೆ ಗುದ್ದಲು ಬಂದಾಗ ಬಿಗಿಯುವಂತೆ ಬಿಗಿದು, ಕೆಳಗಿಳಿದು ಏಳುವವರೆಗೂ ಹಿಡಿದಿರಬೇಕು. ಹೊಟ್ಟೆಯೊಳಗಿನ ಈ ಒತ್ತಡವೇ ಬೆನ್ನಿಗೆ ಮುಂಭಾಗದಿಂದ ಆಸರೆ. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಗರಿಷ್ಠ 10 ಸೆಂಟಿಮೀಟರ್ ಅಗಲದ ಬೆಲ್ಟಿಗೆ ಅವಕಾಶವಿದೆ. ಆ ಬೆಲ್ಟೂ ಹೊಟ್ಟೆ ಒತ್ತಿಕೊಳ್ಳಲು ಸಿಗುವ ಗೋಡೆಯಷ್ಟೇ; ಒತ್ತಲು ಬಾರದವನಿಗೆ ಬರೀ ಶೋಕಿ. ಉಸಿರು ಹಿಡಿದಾಗ ರಕ್ತದೊತ್ತಡ ಏರುವುದರಿಂದ ಬಿ.ಪಿ. ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ತಳದಲ್ಲಿ ನೋಡಬೇಕಾದ್ದು ಒಂದೇ. ಕೊನೆಯ ಒಂದೆರಡು ಇಂಚಿನಲ್ಲಿ ಕುಂಡೆ ಒಳಕ್ಕೆ ಮಡಚಿಕೊಂಡು ಕೆಳಬೆನ್ನು ದುಂಡಗಾಗುತ್ತದೆಯೇ? ಫೋನನ್ನು ಪಕ್ಕದಲ್ಲಿ, ಸೊಂಟದೆತ್ತರಕ್ಕೆ ಇಟ್ಟು ವಿಡಿಯೊ ಮಾಡಿದರೆ ತಕ್ಷಣ ತಿಳಿಯುತ್ತದೆ. ಹಾಗಾಗುತ್ತಿದ್ದರೆ ಪಾದ ಸ್ವಲ್ಪ ಅಗಲಿಸಿ, ಬೆರಳು ಹೊರಕ್ಕೆ ತಿರುಗಿಸಿ ನೋಡಬೇಕು. ಹಿಮ್ಮಡಿ ಏಳುವವರಿಗೆ ಹಿಮ್ಮಡಿ ಎತ್ತರದ ಲಿಫ್ಟಿಂಗ್ ಬೂಟು ಸಹಾಯಕ್ಕೆ ಬರುತ್ತದೆ. ಮೆತ್ತನೆಯ ಓಟದ ಶೂ ಅಂತೂ ಬೇಡವೇ ಬೇಡ. ಇಷ್ಟಾದರೂ ಮಡಚಿದರೆ ಮಡಚುವ ಮೊದಲೇ ನಿಂತು ಏಳುವುದು ಜಾಣತನ. ಸೊಂಟದ ಗುಳಿಯ ಆಳ ಒಬ್ಬೊಬ್ಬರಿಗೆ ಒಂದೊಂದು ಥರ. ಪಕ್ಕದವನ ಆಳ ತನ್ನದಾಗಬೇಕಿಲ್ಲ.

ಬೆನ್ನನ್ನು ತಾನಾಗಿಯೇ ತಿದ್ದುವ ಮೇಷ್ಟ್ರೂ ಇದ್ದಾನೆ, ಫ್ರಂಟ್ ಸ್ಕ್ವಾಟ್. ಬಾರ್ ಹೆಗಲ ಮುಂದಿರುವುದರಿಂದ ಬೆನ್ನು ಗೂನಾದ ಕ್ಷಣವೇ ಜಾರಿಬೀಳುತ್ತದೆ, ಮೋಸಕ್ಕೆ ಎಡೆಯಿಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದ 56 ಕೆ.ಜಿ. ವಿಭಾಗದಲ್ಲಿ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 138 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಅಂಥ ಎತ್ತುವಿಕೆಯ ವಿಡಿಯೊ ಸಿಕ್ಕರೆ ಬಾರ್ ತಲೆಯ ಮೇಲೇರುವ ಕ್ಷಣಕ್ಕೆ ಕಾಯದೆ, ಅದಕ್ಕೂ ಮೊದಲು ಲಿಫ್ಟರ್ ಭಾರವನ್ನು ಹೆಗಲಲ್ಲಿಟ್ಟು ತಳದಿಂದ ಎದ್ದು ನಿಲ್ಲುವುದನ್ನು ನೋಡಬೇಕು. ಅದೇ ಫ್ರಂಟ್ ಸ್ಕ್ವಾಟ್.

ಕಲಿಯುವವರಿಗೆ 20 ಕೆ.ಜಿ.ಯ ಖಾಲಿ ಬಾರೇ ಧಾರಾಳ. ಅದೂ ಭಾರವೆನಿಸಿದರೆ ಎದೆಗೊಂದು ಡಂಬೆಲ್ ಅಪ್ಪಿಕೊಂಡು ಶುರುಮಾಡಬಹುದು. ಭಾರ ಏರಿಸುವ ದಿನ ಬಂದಾಗ ರ‍್ಯಾಕಿನ ಎರಡೂ ಬದಿಯ ಸುರಕ್ಷತಾ ಪಿನ್ನುಗಳನ್ನು, ತಳ ಮುಟ್ಟಿದಾಗ ಬಾರ್ ಇರುವ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ ಸಿಕ್ಕಿಸಬೇಕು. ಏಳಲಾಗದಿದ್ದರೆ ಬಾರನ್ನು ಅದರ ಮೇಲಿಳಿಸಿ ಮುಂದಕ್ಕೆ ತೆವಳಿ ಹೊರಬರುವುದನ್ನು ಖಾಲಿ ಬಾರಿನಲ್ಲೇ ಅಭ್ಯಾಸ ಮಾಡಿರಬೇಕು. ಪಿನ್ನುಗಳೇ ಕಳೆದುಹೋಗಿರುವ ಜಿಮ್ಮುಗಳೂ ಉಂಟು. ಅಲ್ಲಿ ಅವತ್ತಿನ ಮಟ್ಟಿಗೆ ಫ್ರಂಟ್ ಸ್ಕ್ವಾಟೇ ವಾಸಿ: ಮೊಣಕೈ ಇಳಿಸಿ ಹಿಂದೆ ಸರಿದರೆ ಬಾರ್ ಮುಂದಕ್ಕೆ ನೆಲಕ್ಕೆ ಬೀಳುತ್ತದೆ.